ಇಳಿಜಾರಿನಲ್ಲೇ ಕಳಚುತ್ತಿದ್ದ ಬೆಲ್ಟ್

ಆಗಸ್ಟ್ ತಿಂಗಳು, ಜಡಿಮಳೆ ಹಿಡಿದಿತ್ತು. ಬೆಳಿಗ್ಗೆ ಶಟರ್ ಎತ್ತುವ ಹೊತ್ತಿಗೇ ಗ್ಯಾರೇಜಿನ ಮುಂದೆ ಏಳು ಸೀಟಿನ ಡೀಸೆಲ್ ಟ್ಯಾಕ್ಸಿಯೊಂದು ನಿಂತಿತ್ತು. ಹಾಸನದಿಂದ ಧರ್ಮಸ್ಥಳ, ಸುಬ್ರಹ್ಮಣ್ಯಕ್ಕೆ ಬಾಡಿಗೆ ಹೊಡೆಯುವ ಗಾಡಿ. ಮೀಟರಿನಲ್ಲಿ 1,86,000 ಕಿಲೋಮೀಟರ್. ಓಡಿಸುವವರೇ ಮಾಲೀಕರು, ಐವತ್ತು ದಾಟಿದ ಮನುಷ್ಯ. ಎರಡೂವರೆ ತಿಂಗಳಲ್ಲಿ ಮೂರು ಸಲ ಇಂಜಿನ್ ಮುಂದಿನ ಬೆಲ್ಟ್ ಕಳಚಿಕೊಂಡಿತ್ತು. ಮೊದಲ ಸಲ ಒಬ್ಬರು ಬೆಲ್ಟ್ ಬದಲಿಸಿದ್ದರು. ಎರಡನೇ ಸಲ ಇನ್ನೊಬ್ಬರು ಬೆಲ್ಟಿನ ಜೊತೆಗೆ ಟೆನ್ಷನರನ್ನೂ ಹೊಸದು ಹಾಕಿದ್ದರು. ಮೂರನೇ ಸಲ ಗುಂಡ್ಯದ ಹತ್ತಿರ ರಸ್ತೆಬದಿಯಲ್ಲೇ ಯಾರೋ ಪುಣ್ಯಾತ್ಮರು ಕೈಗೆ ಸಿಕ್ಕ ಬೆಲ್ಟ್ ಏರಿಸಿ ಕಳಿಸಿದ್ದರು. ಅದರಲ್ಲೇ ಘಾಟಿ ಹತ್ತಿ ನಮ್ಮಲ್ಲಿಗೆ ಬಂದಿದ್ದರು.

"ಇನ್ನೆಷ್ಟು ಬೆಲ್ಟ್ ಹಾಕ್ಸಲಿ ಮೇಸ್ತ್ರಿ? ನೀವೇ ಒಂದ್ಸಲ ಗಟ್ಟಿಯಾಗಿ ಟೈಟ್ ಮಾಡಿ ಕೊಟ್‌ಬುಡಿ" ಅಂದರು.

ಈ ಬೆಲ್ಟನ್ನು ಹಾಗೆ ಟೈಟ್ ಮಾಡಲು ಬರುವುದಿಲ್ಲ. ಹಳೇ ಗಾಡಿಗಳಲ್ಲಿ ಡೈನಮೋ ಬೋಲ್ಟ್ ಸಡಿಲಿಸಿ, ಲಿವರ್ ಹಾಕಿ ಹಿಂದಕ್ಕೆ ಎಳೆದು ಬಿಗಿ ಮಾಡುತ್ತಿದ್ದ ಕಾಲದ ಮಾತದು. ಈಗಿನದು ಒಂದೇ ಉದ್ದನೆಯ ಬೆಲ್ಟ್, ಹಾವಿನ ಹಾಗೆ ಆ ಪುಲ್ಲಿಯ ಮೇಲೆ, ಈ ಪುಲ್ಲಿಯ ಕೆಳಗೆ ಸುತ್ತಿಕೊಂಡು ಹೋಗುತ್ತದೆ. ಸರ್ಪೆಂಟೈನ್ ಅನ್ನುವ ಹೆಸರು ಬಂದದ್ದೂ ಅದಕ್ಕೇ. ನಮ್ಮ ಕಡೆ ಈಗಲೂ ಎಲ್ಲರೂ ಫ್ಯಾನ್ ಬೆಲ್ಟ್ ಅಂತಲೇ ಕರೆಯುತ್ತಾರೆ, ಫ್ಯಾನಿಗೂ ಅದಕ್ಕೂ ಸಂಬಂಧ ಇಲ್ಲದ ಗಾಡಿಯಲ್ಲೂ. ಅದನ್ನು ಬಿಗಿಯಾಗಿ ಇಡುವ ಕೆಲಸ ಟೆನ್ಷನರಿನದು. ಒಳಗೆ ಸ್ಪ್ರಿಂಗ್, ಹೊರಗೆ ಒಂದು ತೋಳು, ತೋಳಿನ ತುದಿಗೆ ಒಂದು ಪುಲ್ಲಿ. ಬೆಲ್ಟ್ ಹಿಗ್ಗಲಿ, ಕುಗ್ಗಲಿ, ತೋಳು ತಾನೇ ಸರಿದು ಹೊಂದಿಸಿಕೊಳ್ಳುತ್ತದೆ. ನಾವು ಬಿಗಿ ಮಾಡಲು ಅಲ್ಲಿ ತಿರುಪೇ ಇಲ್ಲ.

ಈ ಗಾಡಿಯಲ್ಲಿ ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವುದು, ಜನರ ಬಾಯಲ್ಲಿ ಡೈನಮೋ), ಪವರ್ ಸ್ಟೀರಿಂಗ್ ಪಂಪ್, ವಾಟರ್ ಪಂಪ್, ಎ.ಸಿ. ಕಂಪ್ರೆಸರ್ ನಾಲ್ಕೂ ಅದೊಂದೇ ಬೆಲ್ಟನ್ನು ನಂಬಿವೆ. ಕಳಚಿದ ಗಳಿಗೆಯಲ್ಲಿ ಮೊದಲು ಬ್ಯಾಟರಿ ದೀಪ ಹತ್ತುತ್ತದೆ, ಮರುಕ್ಷಣ ಸ್ಟೀರಿಂಗ್ ಕಲ್ಲಾಗುತ್ತದೆ. ಶಿರಾಡಿ ಘಾಟಿಯ ತಿರುವಿನಲ್ಲಿ, ಎದುರಿಂದ ಟ್ಯಾಂಕರ್ ಬರುವಾಗ ಸ್ಟೀರಿಂಗ್ ಕಲ್ಲಾದರೆ ಏನಾಗುತ್ತದೆ ಎಂದು ಮಾಲೀಕರು ಬಾಯಿಬಿಟ್ಟು ಹೇಳಲಿಲ್ಲ, ಎರಡೂ ಕೈ ಮುಂದೆ ಚಾಚಿ ತೋರಿಸಿದರು. ಪುಣ್ಯಕ್ಕೆ ಬ್ರೇಕ್ ತುಳಿಯುವುದನ್ನು ಹಗುರ ಮಾಡುವ ವ್ಯಾಕ್ಯೂಮ್ ಪಂಪ್ ಇದರಲ್ಲಿ ಇಂಜಿನ್ನಿನ ಕ್ಯಾಮ್‌ಶಾಫ್ಟಿನ ಕೊನೆಗಿದೆ, ಈ ಬೆಲ್ಟಿನ ಹಂಗಿಲ್ಲ. ಆಲ್ಟರ್ನೇಟರಿನ ಬೆನ್ನಿಗೇ ಆ ಪಂಪ್ ಅಂಟಿಸಿರುವ ಡೀಸೆಲ್ ಗಾಡಿಗಳೂ ಇವೆ. ಅಂಥವುಗಳಲ್ಲಿ ಬೆಲ್ಟ್ ಹೋದರೆ ನಾಲ್ಕಾರು ಸಲ ತುಳಿಯುವಷ್ಟರಲ್ಲಿ ಬ್ರೇಕೂ ಗಟ್ಟಿಯಾಗುತ್ತದೆ.

ಎಲ್ಲೆಲ್ಲಿ ಕಳಚಿತು ಎಂದು ಕೇಳಿದೆ. ಮೊದಲನೇದು ದೋಣಿಗಾಲ್ ದಾಟಿ ಇಳಿಯುವಾಗ, ಎರಡನೇದು ಮಾರನಹಳ್ಳಿ ಹತ್ತಿರ, ಮೂರನೇದು ಗುಂಡ್ಯ ಇನ್ನೇನು ಬಂತು ಅನ್ನುವಾಗ. "ಮೂರ್ ಸಲಾನೂ ಇಳೀವಾಗ್ಲೇ ಕಣ್ ಮೇಸ್ತ್ರಿ. ಹತ್ತುವಾಗ ಒಂದ್ಸಲಾನೂ ಬಿಚ್ಕೊಂಡಿಲ್ಲ" ಅಂದರು. ಜಾಬ್ ಕಾರ್ಡಿನಲ್ಲಿ ಬರೆದುಕೊಂಡೆ. ಹಾಗೆ ಬರೆದುಕೊಂಡದ್ದನ್ನು ತಲೆಗೆ ಹಾಕಿಕೊಂಡದ್ದು ಮಾತ್ರ ಎರಡು ದಿನ ಕಳೆದ ಮೇಲೆ.

ಮೊದಲು ಕೇಳಿದ್ದು ಬಿದ್ದ ಬೆಲ್ಟನ್ನು. ಬಹಳ ಜನ ಅದನ್ನು ಅಲ್ಲೇ ಎಸೆದು ಬರುತ್ತಾರೆ. ಇವರು ಸ್ಟೆಪ್ನಿ ಕೆಳಗೆ ತುರುಕಿಟ್ಟಿದ್ದರು. ತೊಳೆದು, ಬೆಂಚಿನ ಮೇಲೆ ಉದ್ದಕ್ಕೆ ಹಾಸಿ, ಟಾರ್ಚ್ ಹಿಡಿದು ಒಂದು ಸುತ್ತು ನೋಡಿದೆ. ಒಳಮೈಯಲ್ಲಿ ಉದ್ದಕ್ಕೂ ಆರು ಏಣು ಇರುವ ಬೆಲ್ಟ್, ಆ ಏಣುಗಳು ಪುಲ್ಲಿಯ ಗ್ರೂವ್‌ಗಳಲ್ಲಿ ಕೂರುತ್ತವೆ. ಒಂದು ಏಣಿನಿಂದ ಇನ್ನೊಂದಕ್ಕೆ 3.56 ಮಿಲಿಮೀಟರ್, ಒಟ್ಟು ಅಗಲ 21 ಮಿಲಿಮೀಟರ್ ಚಿಲ್ಲರೆ. ಇಂಜಿನ್ನಿನಿಂದ ಆಚೆ ಕಡೆಯ ಅಂಚಿನ ಏಣು ಸುಮಾರು ಒಂದು ಅಡಿ ಉದ್ದ ಸೀಳಿ ಹೋಗಿತ್ತು, ಬಾಳೆನಾರು ಎಳೆದ ಹಾಗೆ. ಮಿಕ್ಕ ಅಂಚು ನೀಟಾಗಿತ್ತು, ದಾರ ಎದ್ದಿರಲಿಲ್ಲ. ಪುಲ್ಲಿಗಳು ಒಂದೇ ನೇರದಲ್ಲಿ ಇಲ್ಲದಿದ್ದರೆ ಬೆಲ್ಟಿನ ಒಂದು ಪಕ್ಕ ಸುತ್ತಲೂ ಸಮನಾಗಿ ಸವೆದು ದಾರ ಬಿಡುತ್ತದೆ. ಒಂದೇ ಕಡೆ ಹೀಗೆ ಸೀಳಿದ್ದರೆ ಅದು ದಿನಾ ಉಜ್ಜಿ ಆದದ್ದಲ್ಲ. ಬೆಲ್ಟ್ ಒಂದೇ ನೆಗೆತಕ್ಕೆ ಒಂದು ಗ್ರೂವ್ ಆಚೆ ಹಾರಿ, ಹಾರಿದ ಕಡೆ ಏಣು ಹರಿದಿದೆ. ಇದು ಆಗ ಗೊತ್ತಿರಬೇಕಿತ್ತು. ಗೊತ್ತಿತ್ತು ಕೂಡ. ಆದರೆ ತಲೆಯಲ್ಲಿ ಬೇರೆ ಏನೋ ಕೂತಿತ್ತು, ಅದಕ್ಕೆ ಆಮೇಲೆ ಬರುತ್ತೇನೆ.

ಬಿರುಕು ಇರಲಿಲ್ಲ. ಅದಕ್ಕೆ ನಾನು ಬೆಲೆ ಕೊಡುವುದಿಲ್ಲ. ಹಿಂದಿನ ನಿಯೋಪ್ರೀನ್ ಬೆಲ್ಟುಗಳು ಹಳತಾದರೆ ಗದ್ದೆಯ ಹಾಗೆ ಬಿರಿಯುತ್ತಿದ್ದವು. ಈಗ ಬರುವ ಇಪಿಡಿಎಂ ರಬ್ಬರು ಬಿರಿಯುವುದು ಕಡಿಮೆ, ಟೈರಿನ ಹಾಗೆ ಸವೆಯುತ್ತದೆ. ನೋಡಲು ಹೊಸದರಂತೆ ಇದ್ದು ಏಣಿನ ಸಂದುಗಳು ಆಳವಾಗಿ, ಹಿಡಿತ ಹೋಗಿರಬಹುದು. ಇದು ಒಂದು ತಿಂಗಳ ಬೆಲ್ಟಾದ್ದರಿಂದ ಆ ಅನುಮಾನವೂ ಇರಲಿಲ್ಲ. ಎಣ್ಣೆಯ ಪಸೆ ಇಲ್ಲ, ಕೂಲಂಟ್ ಸೋರಿದ ಕಲೆ ಇಲ್ಲ. ಬೆನ್ನಿನ ಮೇಲಿನ ನಂಬರು ಈ ಗಾಡಿಗೆ ಹೇಳಿದ ನಂಬರೇ.

ಈಗ ಗಾಡಿಯ ಮೇಲಿದ್ದ ಬೆಲ್ಟಿನದು ಮಾತ್ರ ಬೇರೆ ನಂಬರು. 6ಪಿಕೆ ಎಂದು ಬರೆದ ಮುಂದೆ ಬರುವ ಅಂಕಿ ಮಿಲಿಮೀಟರಿನಲ್ಲಿ ಬೆಲ್ಟಿನ ಸುತ್ತಳತೆ. ಇದು 10 ಮಿಲಿಮೀಟರ್ ಗಿಡ್ಡ. ಗುಂಡ್ಯದಲ್ಲಿ ಏರಿಸಿದವರು "ಟೈಟಾಗಿರ್ಲಿ" ಎಂದೇ ಹಾಕಿದ್ದಂತೆ. ಟೆನ್ಷನರಿನ ಮೈಮೇಲೆ ತೋಳು ಎಲ್ಲಿಂದ ಎಲ್ಲಿಯವರೆಗೆ ಇರಬೇಕು ಎಂದು ಎರಡು ಗೀಟು ಇರುತ್ತವೆ. ಇದರ ತೋಳು ಒಂದು ಗೀಟನ್ನೂ ದಾಟಿ ಕೊನೆಗೆ ಹೋಗಿ ಕೂತಿತ್ತು. ಹಾಗೇ ಓಡಿಸಿದರೆ ವಾಟರ್ ಪಂಪಿನ ಬೇರಿಂಗಿಗೆ ಕೇಡು. ಅದನ್ನು ತೆಗೆದು ಸರಿಯಾದ ಅಳತೆಯದು ತರಿಸಿದೆ. ತಪ್ಪು ಸಿಕ್ಕಿತು, ಕಾರಣ ಸಿಕ್ಕಲಿಲ್ಲ. ಮೊದಲ ಮೂರೂ ಸಲ ಕಳಚಿದ್ದು ಸರಿಯಾದ ಅಳತೆಯ ಬೆಲ್ಟೇ ತಾನೇ.

ಬೆಲ್ಟ್ ಇಳಿಸಿದ್ದಾಗಲೇ ಒಂದೊಂದು ಪುಲ್ಲಿಯನ್ನೂ ಕೈಯಲ್ಲಿ ತಿರುಗಿಸಿದೆ. ಐಡ್ಲರ್, ಅಂದರೆ ಬೆಲ್ಟಿಗೆ ದಾರಿ ತೋರಿಸಲಷ್ಟೇ ಇರುವ ಪುಲ್ಲಿ, ನುಣ್ಣಗೆ ತಿರುಗಿತು. ವಾಟರ್ ಪಂಪಿನಲ್ಲಿ ಆಟ ಇಲ್ಲ. ಸ್ಟೀರಿಂಗ್ ಪಂಪ್ ಎಣ್ಣೆಯ ಭಾರಕ್ಕೆ ತಕ್ಕಷ್ಟು ಗಟ್ಟಿ. ಎ.ಸಿ. ಕ್ಲಚ್ಚಿನ ಬೇರಿಂಗ್ ಸದ್ದಿಲ್ಲ. ಆಲ್ಟರ್ನೇಟರನ್ನೂ ತಿರುಗಿಸಿದೆ. ಸರಾಗವಾಗಿ ತಿರುಗಿತು, ಚೆನ್ನಾಗಿದೆ ಅಂದುಕೊಂಡು ಮುಂದೆ ಹೋದೆ. ಈ ಪ್ರಕರಣದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಇದೇ. ಬೇರಿಂಗ್ ಹೇಗಿದೆ ಎಂದು ನೋಡಿದೆನೇ ಹೊರತು, ಯಾವ ಕಡೆಗೆ ತಿರುಗಿಸಿದರೆ ಏನಾಗುತ್ತದೆ ಎಂದು ನೋಡಲಿಲ್ಲ.

ಸ್ಟೀಲ್ ಪಟ್ಟಿ ಇಟ್ಟು ಪುಲ್ಲಿಗಳ ನೇರ ನೋಡಿದೆ. ಅಡಿಗೆ ಒಂದೂವರೆ ಮಿಲಿಮೀಟರ್ ಓರೆಯಾದರೆ ನಾನು ಎಚ್ಚರವಾಗುತ್ತೇನೆ. ಇಲ್ಲಿ ಅರ್ಧವೂ ಇರಲಿಲ್ಲ.

ತಲೆಯಲ್ಲಿ ಕೂತಿತ್ತು ಅಂದೆನಲ್ಲ, ಅದು ಕ್ರ್ಯಾಂಕ್ ಪುಲ್ಲಿ, ಇಂಜಿನ್ನಿನ ಬಲದಿಂದ ಬೆಲ್ಟನ್ನು ಓಡಿಸುವ ಪುಲ್ಲಿ. ಹೊರಗಿನಿಂದ ಒಂದೇ ಕಬ್ಬಿಣದ ಗಾಲಿ ಥರ ಕಂಡರೂ ಅದು ಎರಡು ತುಂಡು. ನಡುವಿನ ಗುಂಬ ಒಂದು, ಸುತ್ತಲಿನ ಬಳೆ ಇನ್ನೊಂದು, ಎರಡರ ಮಧ್ಯೆ ಕಂಪನ ಕುಡಿಯಲು ರಬ್ಬರಿನ ಪಟ್ಟಿ. ಮುಂದಿನ ಆಯಿಲ್ ಸೀಲ್ ಸೋರಿ ಆ ರಬ್ಬರು ನೆನೆದರೆ ಬಳೆ ನಿಧಾನಕ್ಕೆ ಜಾರಿ ಮುಂದಕ್ಕೆ ಬರುತ್ತದೆ, ಬೆಲ್ಟನ್ನೂ ಕರೆದುಕೊಂಡು. ತಣ್ಣಗಿದ್ದಾಗ ಪಟ್ಟಿ ಇಟ್ಟರೆ ನೇರವಾಗೇ ಕಾಣುತ್ತದೆ, ಬಿಸಿಯಾದ ಮೇಲೆ ಆಟ ತೋರಿಸುತ್ತದೆ. ಅದೇ ವರ್ಷ ನಮ್ಮಲ್ಲಿಗೆ ಬಂದ ಇಂಥ ಎರಡು ಗಾಡಿಗಳಲ್ಲೂ ಕಳ್ಳ ಅದೇ ಆಗಿತ್ತು. ಹಾಗಾಗಿ ಇಲ್ಲೂ ಅವನನ್ನೇ ಹಿಡಿಯಲು ಹೊರಟೆ. ಗುಂಬದಿಂದ ರಬ್ಬರು ದಾಟಿ ಬಳೆಯವರೆಗೆ ವೈಟ್ನರಿನಲ್ಲಿ ಒಂದು ನೇರ ಗೆರೆ ಎಳೆದೆ. ಬಳೆ ಒಂದು ಕೂದಲಷ್ಟು ತಿರುಗಿದರೂ ಗೆರೆ ಮುರಿಯುತ್ತದೆ. ಮಾರನೇ ದಿನ ಗಾಡಿಯನ್ನು ಸಕಲೇಶಪುರದವರೆಗೆ ಓಡಿಸಿ, ಬಿಸಿಬಿಸಿ ಇರುವಾಗಲೇ ಬಗ್ಗಿ ನೋಡಿದೆ. ಗೆರೆ ಎಳೆದ ಹಾಗೇ ಇತ್ತು. ಸೀಲಿನ ಸುತ್ತ ಒಣ ಧೂಳು. ಒಂದು ದಿನ ಹೋಯಿತು, ಅದಕ್ಕೆ ಕೂಲಿ ಹಾಕಲಿಲ್ಲ.

ಮೂರನೇ ದಿನ ಟೆನ್ಷನರ್ ಬಿಚ್ಚಿ ಬೆಂಚಿಗೆ ತಂದೆ. ಹೊಸದು, ಒಂದು ತಿಂಗಳು ದುಡಿದದ್ದು. ಒಳ್ಳೇ ಕಂಪನಿಯ ಮಾಲು, ಡ್ಯೂಪ್ಲಿಕೇಟ್ ಅಲ್ಲ. ತೋಳು ಎರಡು ಕೊನೆಗೂ ಹೋಗಿ ನಿಲ್ಲುವ ಕಡೆ ಅಲ್ಯೂಮಿನಿಯಮ್ಮಿನಲ್ಲೇ ಸಣ್ಣ ಗೋಡೆ ಮಾಡಿರುತ್ತಾರೆ. ಎರಡೂ ಗೋಡೆಗಳು ಸುತ್ತಿಗೆಯಲ್ಲಿ ಕುಟ್ಟಿದ ಹಾಗೆ ತಗ್ಗಾಗಿ, ಬೆಳ್ಳಿಯಂತೆ ಹೊಳೆಯುತ್ತಿದ್ದವು. ಗಿಡ್ಡ ಬೆಲ್ಟಿನಿಂದ ಒಂದು ಕೊನೆಯ ಗುರುತು ಆಗಿರಬಹುದು ಅನ್ನೋಣ. ಇನ್ನೊಂದು ಕೊನೆಗೆ ಹೊಡೆದದ್ದು ಯಾರು? ತೋಳಿನ ಬುಡದ ಬುಶ್ ಆಗಲೇ ಅಲುಗುತ್ತಿತ್ತು. ಒಂದು ತಿಂಗಳಲ್ಲಿ ಟೆನ್ಷನರ್ ಹೀಗೆ ಮುದಿಯಾಗುವುದಿಲ್ಲ. ಯಾರೋ ಇದನ್ನು ಎರಡೂ ಕಡೆಗೆ ಎಳೆದಾಡಿ ಹೊಡೆಯುತ್ತಿದ್ದಾರೆ. ಅಂದರೆ ಹಳೇ ಟೆನ್ಷನರ್ ಹಾಳಾಗಿ ಬೆಲ್ಟ್ ಕಳಚಿದ್ದಲ್ಲ. ಬೆಲ್ಟಿಗೆ ಏಟು ಕೊಡುತ್ತಿರುವವನೇ ಅದನ್ನೂ ಕೊಂದಿದ್ದಾನೆ, ಈಗ ಇದನ್ನೂ ಕೊಲ್ಲುತ್ತಿದ್ದಾನೆ.

ಅದನ್ನೇ ವಾಪಸ್ ಕೂರಿಸಿ ಇಂಜಿನ್ ಸ್ಟಾರ್ಟ್ ಮಾಡಿಸಿದೆ. ತೋಳು ನಡುಗುತ್ತಿತ್ತು, ಎಷ್ಟು ಎಂದು ಕಣ್ಣಿಗೆ ಸಿಗಲಿಲ್ಲ, ಮಸುಕಾಗಿ ಕಂಡಿತು. ನಾಲ್ಕು ಸಿಲಿಂಡರಿನ ಇಂಜಿನ್ ಐಡ್ಲಿಂಗಿನಲ್ಲಿ ನಿಮಿಷಕ್ಕೆ 800 ಸುತ್ತು ಹೊಡೆದರೆ ಸೆಕೆಂಡಿಗೆ ಸುಮಾರು 27 ಸಲ ಸಿಡಿಯುತ್ತದೆ. ಕಣ್ಣು ಹೇಗೆ ಹಿಡಿದೀತು? ನಮ್ಮ ಹುಡುಗನ ಮೊಬೈಲಿನಲ್ಲಿ ಸೆಕೆಂಡಿಗೆ 240 ಚಿತ್ರ ತೆಗೆಯುವ ಸ್ಲೋ ಮೋಷನ್ ಇತ್ತು. ಅವನು ರೀಲ್ಸ್ ಮಾಡಲು ಇಟ್ಟುಕೊಂಡದ್ದು, ಆವತ್ತು ಅನ್ನಕ್ಕೆ ಬಂತು. ಒಂದು ಸಿಡಿತಕ್ಕೆ ಒಂಬತ್ತು ಚಿತ್ರ. ನಿಧಾನಕ್ಕೆ ಓಡಿಸಿ ನೋಡಿದರೆ ತೋಳಿನ ತುದಿ ಕಿರುಬೆರಳಿನ ಅಗಲದಷ್ಟು ಹಿಂದೆ ಮುಂದೆ ಹೊಯ್ದಾಡುತ್ತಿತ್ತು. ಎರಡು ಮೂರು ಮಿಲಿಮೀಟರ್ ಆಡಿದ್ದರೆ ನಾನು ತಲೆಕೆಡಿಸಿಕೊಳ್ಳುತ್ತಿರಲಿಲ್ಲ.

"ಆಫ್ ಮಾಡ್ಲಾ ಅಣ್ಣ?" ಎಂದು ಹುಡುಗ ಒಳಗಿನಿಂದ ಕೇಳಿದ. ಹೂಂ ಅಂದೆ, ತಲೆ ಇನ್ನೂ ಬಾನೆಟ್ ಒಳಗೇ ಇತ್ತು. ಇಂಜಿನ್ ನಿಂತಿತು. ನಿಲ್ಲುವ ಕೊನೇ ಗಳಿಗೆಯಲ್ಲಿ ತೋಳು ಹಿಂದಕ್ಕೆ ಜಗ್ಗಿ 'ಟಣ್' ಎಂದು ಕೊನೆಗೆ ಹೊಡೆಯಿತು, ಬೆಲ್ಟ್ 'ಚಿಂಯ್' ಅಂದಿತು. ಆಮೇಲೆ ನಿಶ್ಶಬ್ದ.

ಆ ನಿಶ್ಶಬ್ದವೇ ನನ್ನನ್ನು ಎಬ್ಬಿಸಿತು. ಈ ಇಂಜಿನ್ ಆಫ್ ಮಾಡಿದ ಮೇಲೂ ಒಂದೆರಡು ಸೆಕೆಂಡ್ ಬಲಗಡೆಯಿಂದ 'ರ್‍ರ್‍ರ್' ಎಂದು ಬುಗುರಿ ತಿರುಗಿದಂಥ ಸಣ್ಣ ಸದ್ದು ಬರಬೇಕು. ಬೆಲ್ಟ್ ನಿಂತರೂ ಆಲ್ಟರ್ನೇಟರಿನ ಒಳಗಿನ ರೋಟರ್ ತನ್ನ ಪಾಡಿಗೆ ತಿರುಗುವ ಸದ್ದು ಅದು. ಇಲ್ಲಿ ಅದೇ ಇಲ್ಲ.

ಡೀಸೆಲ್ ಇಂಜಿನ್ ನಮಗೆ ಒಂದೇ ಸಮ ತಿರುಗಿದಂತೆ ಕೇಳಿಸಿದರೂ ಒಂದೊಂದು ಸಿಡಿತಕ್ಕೂ ಮುನ್ನುಗ್ಗಿ, ಮುಂದಿನ ಸಿಡಿತದವರೆಗೆ ಹಿಂಜರಿದು, ಹೀಗೆ ಜಗ್ಗಾಡುತ್ತಲೇ ಇರುತ್ತದೆ. ಬೆಲ್ಟಿನ ಮೇಲಿರುವ ಎಲ್ಲದರಲ್ಲಿ ಹಟಮಾರಿ ಅಂದರೆ ಆಲ್ಟರ್ನೇಟರ್. ಒಳಗೆ ತಾಮ್ರ, ಕಬ್ಬಿಣದ ತೂಕದ ರೋಟರ್. ಪುಲ್ಲಿ ಸಣ್ಣದಾದ್ದರಿಂದ ಇಂಜಿನ್ನಿನ ಎರಡೂವರೆ ಮೂರು ಪಟ್ಟು ವೇಗ. ಒಮ್ಮೆ ವೇಗ ಹಿಡಿದರೆ ಬೆಲ್ಟ್ ನಿಧಾನವಾಯಿತೆಂದು ಅದು ನಿಧಾನವಾಗುವುದಿಲ್ಲ. ಅದಕ್ಕೇ ಇಂಥ ಗಾಡಿಗಳಲ್ಲಿ ಆಲ್ಟರ್ನೇಟರಿಗೆ ಒಂದೇ ಕಡೆ ಹಿಡಿಯುವ ಪುಲ್ಲಿ ಕೊಟ್ಟಿರುತ್ತಾರೆ. ಸೈಕಲ್ಲಿನ ಫ್ರೀವೀಲ್ ಇದ್ದಂತೆ. ಪೆಡಲ್ ತುಳಿದರೆ ಚಕ್ರ ತಿರುಗುತ್ತದೆ, ಪೆಡಲ್ ನಿಲ್ಲಿಸಿದರೂ ಚಕ್ರ ತನ್ನಷ್ಟಕ್ಕೆ ಓಡುತ್ತದೆ. ಫ್ರೀವೀಲ್ ಇಲ್ಲದ ಸೈಕಲ್ಲನ್ನು ಇಳಿಜಾರಿನಲ್ಲಿ ಬಿಟ್ಟರೆ ಚಕ್ರವೇ ನಿಮ್ಮ ಕಾಲನ್ನು ತಿರುಗಿಸುತ್ತದೆ. ಈ ಗಾಡಿಯಲ್ಲಿ ಆಗುತ್ತಿದ್ದದ್ದೂ ಅದೇ. ಘಾಟಿ ಇಳಿಯುವಾಗ ಮಾಲೀಕರು ಆಕ್ಸಿಲರೇಟರ್ ಬಿಡುತ್ತಾರೆ, ಗೇರ್ ಬದಲಿಸುತ್ತಾರೆ, ಇಂಜಿನ್ ವೇಗ ದಿಢೀರನೆ ಬೀಳುತ್ತದೆ. ರೋಟರ್ ಬೀಳುವುದಿಲ್ಲ. ಅಲ್ಲಿಯವರೆಗೆ ಬೆಲ್ಟಿನಿಂದ ಎಳೆಸಿಕೊಳ್ಳುತ್ತಿದ್ದದ್ದು ಈಗ ತಾನೇ ಬೆಲ್ಟನ್ನು ಎಳೆಯುತ್ತದೆ. ಟೆನ್ಷನರ್ ಕಾಯುತ್ತಿದ್ದ ಸಡಿಲ ಭಾಗ ತಟ್ಟನೆ ಬಿಗಿಯಾಗಿ ತೋಳನ್ನು ಕೊನೆಗೆ ಎಳೆದು ಬಡಿಯುತ್ತದೆ. ಆಲ್ಟರ್ನೇಟರ್ ದಾಟಿದ ಆಚೆಯ ಭಾಗ, ಯಾವತ್ತೂ ಬಿಗಿಯಾಗಿಯೇ ಇರುತ್ತಿದ್ದದ್ದು, ಜೋತು ಬೀಳುತ್ತದೆ. ಅಲ್ಲಿ ಅದನ್ನು ಹಿಡಿಯಲು ಟೆನ್ಷನರ್ ಇಲ್ಲ. ಮುಂದಿನ ಪುಲ್ಲಿ ಸ್ಟೀರಿಂಗ್ ಪಂಪಿನದು. ಟಾರ್ಚ್ ಬಿಟ್ಟು ನೋಡಿದೆ. ಆ ಪುಲ್ಲಿಯ ಹೊರ ಅಂಚಿಗೆ ಕಪ್ಪು ರಬ್ಬರಿನ ಸಿಪ್ಪೆ ಮೆತ್ತಿಕೊಂಡಿತ್ತು, ಬೆಲ್ಟಿನಲ್ಲಿ ಸೀಳಿದ್ದ ಏಣಿನದು.

ಹತ್ತುವಾಗ ಆಕ್ಸಿಲರೇಟರ್ ಒತ್ತಿಯೇ ಇರುತ್ತದೆ, ಬೆಲ್ಟಿನ ಮೇಲೆ ಭಾರ ಹೆಚ್ಚು, ಆದರೆ ಎಲ್ಲವೂ ಒಂದೇ ದಿಕ್ಕಿಗೆ. ಹತ್ತುವಾಗ ಒಮ್ಮೆಯೂ ಕಳಚದ್ದು ಅದಕ್ಕೇ. ಜಾಬ್ ಕಾರ್ಡ್ ತೆಗೆದು ಆ ಸಾಲನ್ನು ಓದಿದೆ. ನನ್ನದೇ ಅಕ್ಷರ.

ಬೆಲ್ಟ್ ಮತ್ತೆ ಇಳಿಸಿ, ಆಲ್ಟರ್ನೇಟರಿನ ಹಿಂದಿನ ಸಂದಿನಿಂದ ಸ್ಕ್ರೂಡ್ರೈವರ್ ತುದಿಯಲ್ಲಿ ರೋಟರನ್ನು ಹಿಡಿದು ಪುಲ್ಲಿ ತಿರುಗಿಸಿದೆ. ಒಂದು ಕಡೆಗೆ ಬಿಗಿಯಬೇಕು, ಇನ್ನೊಂದು ಕಡೆಗೆ ಸುಮ್ಮನೆ ತಿರುಗಬೇಕು. ಎರಡೂ ಕಡೆ ಬಿಗಿ. ಪುಲ್ಲಿಯ ಮುಖ ಒರೆಸಿದೆ. ಫ್ರೀವೀಲ್ ಪುಲ್ಲಿಗೆ ಧೂಳು ಹೋಗದಂತೆ ಪ್ಲಾಸ್ಟಿಕ್ ಮುಚ್ಚಳ, ಅದರ ಹಿಂದೆ ಹಲ್ಲುಹಲ್ಲಿನ ತೂತು ಇರುತ್ತದೆ, ಬಿಚ್ಚಲು ಬೇರೆಯೇ ಟೂಲ್ ಬೇಕು. ಇಲ್ಲಿ ಮುಚ್ಚಳ ಇಲ್ಲ, ಸಾದಾ ನಟ್ಟು. ಇದು ಜಾಮ್ ಆದ ಫ್ರೀವೀಲ್ ಅಲ್ಲವೇ ಅಲ್ಲ, ಇಡಿಯಾದ ಕಬ್ಬಿಣದ ಪುಲ್ಲಿ.

ಮಾಲೀಕರಿಗೆ ಫೋನ್ ಮಾಡಿ ಡೈನಮೋ ಯಾರಾದರೂ ಮುಟ್ಟಿದ್ದರಾ ಎಂದು ಕೇಳಿದೆ.

"ಯುಗಾದಿ ಮುಂಚೆ ಚಾರ್ಜ್ ಆಯ್ತಿರ್ನಿಲ್ಲ, ವೈರಿಂಗ್ ಅಂಗ್ಡೀಲಿ ರಿಪೇರಿ ಮಾಡಿಸ್ದೆ. ಅದುಕ್ಕೂ ಬೆಲ್ಟಿಗೂ ಏನ್ ಸಂಬಂಧ ಮೇಸ್ತ್ರಿ?"

ಹಿಂದಿನ ಇಬ್ಬರೂ ಕೇಳಿರಲಿಲ್ಲ, ನಾನೂ ಮೂರು ದಿನ ಕೇಳಿರಲಿಲ್ಲ. ನಾವು ಕೇಳಿದ್ದು ಬೆಲ್ಟಿನ ಕತೆಯನ್ನು ಮಾತ್ರ. ರಿಪೇರಿ ಆದದ್ದು ಮಾರ್ಚಿನಲ್ಲಿ, ಮೊದಲು ಕಳಚಿದ್ದು ಜೂನಿನಲ್ಲಿ. ಮಧ್ಯದ ಎರಡು ಮೂರು ತಿಂಗಳು ಹಳೇ ಟೆನ್ಷನರ್ ಏಟು ತಿನ್ನುತ್ತಾ ತಡೆದುಕೊಂಡಿದೆ. ಅದು ಸೋಲುವ ಹೊತ್ತಿಗೆ ಸರಿಯಾಗಿ ಮಳೆಗಾಲ ಬಂತು, ಮೊದಲನೆಯವರು ನೀರು ಹೊಡೆದು ಜಾರಿದೆ ಎಂದು ಮಳೆಯ ಮೇಲೆ ಹಾಕಿದರು.

ವೈರಿಂಗ್ ಅಂಗಡಿಯವರನ್ನು ಕೇಳಿದಾಗ ಮುಚ್ಚಿಡಲಿಲ್ಲ. ಹಳೇ ಫ್ರೀವೀಲ್ ಜಾಮ್ ಆಗಿತ್ತು, ಹೊಸದಕ್ಕೆ ಕೆಲವು ಸಾವಿರ ಆಗುತ್ತೆ, ಗಿರಾಕಿ ಕಡಿಮೆಯಲ್ಲಿ ಮುಗಿಸಿ ಅಂದರು, ಗುಜರಿಯಲ್ಲಿ ಅದೇ ಸೈಜಿನ ಪುಲ್ಲಿ ಸಿಕ್ಕಿತು, ಹಾಕಿದೆ ಅಂದರು. ಆ ಮಾತಿನಲ್ಲಿ ಮೋಸ ನನಗೆ ಕಾಣಲಿಲ್ಲ. ಸಾದಾ ಪುಲ್ಲಿಯಲ್ಲೇ ಬರುವ ಗಾಡಿಗಳು, ಅದರಲ್ಲೂ ಪೆಟ್ರೋಲಿನವು, ಬೇಕಾದಷ್ಟಿವೆ. ತಿರುಪಿನ ಮರೆ ಹೊಂದಿತು, ಗ್ರೂವ್ ಆರು ಇದ್ದವು, ಬ್ಯಾಟರಿಗೆ 14 ವೋಲ್ಟ್ ಬಂತು. ಅವರ ಕೆಲಸ ಅಲ್ಲಿಗೆ ಸರಿಯಾಗಿತ್ತು. ಬೆಲ್ಟ್ ಅವರ ಲೆಕ್ಕದಲ್ಲಿ ಇರಲಿಲ್ಲ, ಆಲ್ಟರ್ನೇಟರ್ ನಮ್ಮ ಲೆಕ್ಕದಲ್ಲಿ ಇರಲಿಲ್ಲ.

ಹೊಸ ಫ್ರೀವೀಲ್ ಪುಲ್ಲಿ ಬೆಂಗಳೂರಿನಿಂದ ಬರಲು ಎರಡು ದಿನವಾಯಿತು. ಇದರಲ್ಲೂ ಎರಡು ಥರ ಇವೆ. ಒಂದರಲ್ಲಿ ಒಂದೇ ಕಡೆ ಹಿಡಿಯುವ ಕ್ಲಚ್ ಅಷ್ಟೇ ಇರುತ್ತದೆ. ಇನ್ನೊಂದರಲ್ಲಿ ಕ್ಲಚ್ಚಿನ ಜೊತೆ ಸ್ಪ್ರಿಂಗೂ ಇರುತ್ತದೆ, ಹಿಡಿಯುವ ಕಡೆ ತಿರುಗಿಸಿದರೆ ಸ್ವಲ್ಪ ಬಾಗಿ ಆಮೇಲೆ ಬಿಗಿಯುತ್ತದೆ. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಬಾರದು, ಟೆನ್ಷನರಿನ ಸ್ಪ್ರಿಂಗನ್ನು ಅದಕ್ಕೆ ಹೊಂದಿಸಿಯೇ ಮಾಡಿರುತ್ತಾರೆ. ಗಾಡಿಯ ನಂಬರು ಕೊಟ್ಟು ಕ್ಲಚ್ ಮಾತ್ರ ಇರುವುದನ್ನು ತರಿಸಿದೆ. ಟೆನ್ಷನರನ್ನೂ ಮತ್ತೊಮ್ಮೆ ಹೊಸದು ಹಾಕಬೇಕಾಯಿತು. ಒಂದು ತಿಂಗಳ ಹಿಂದೆ ತಾನೇ ಹಾಕಿಸಿದ್ದು ಎಂದು ಮಾಲೀಕರು ಗೊಣಗಿದರು. ಆ ಎರಡು ಬೆಳ್ಳಿ ಗುರುತುಗಳನ್ನು ತೋರಿಸಿದ ಮೇಲೆ ಸುಮ್ಮನಾದರು.

ಕೂರಿಸಿ ಸ್ಟಾರ್ಟ್ ಮಾಡಿದಾಗ ಅದೇ ಮೊಬೈಲಿನಲ್ಲಿ ತೋಳಿನ ಆಟ ಎರಡು ಮಿಲಿಮೀಟರಿಗೆ ಇಳಿದಿತ್ತು. ಓಡುವ ಬೆಲ್ಟಿನ ಏಣಿನ ಕಡೆಗೆ ಬಾಟಲಿಯಿಂದ ನೀರು ಚಿಮ್ಮಿಸಿದೆ. ಸದ್ದು ಜಾಸ್ತಿಯಾದರೆ ಬಿಗಿ ಸಾಲದು, ಇದ್ದ ಚಿಲಿಪಿಲಿ ನೀರು ಬಿದ್ದಾಗ ನಿಂತು ಮತ್ತೆ ಬಂದರೆ ಪುಲ್ಲಿ ಓರೆ. ಎರಡೂ ಆಗಲಿಲ್ಲ. ಮಾಲೀಕರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಇಂಜಿನ್ ಆಫ್ ಮಾಡಿಸಿದೆ. ತೋಳು ಮೆಲ್ಲಗೆ ನಿಂತಿತು, ಆಮೇಲೆ ಬಲಗಡೆಯಿಂದ ಒಂದೂವರೆ ಸೆಕೆಂಡ್ 'ರ್‍ರ್‍ರ್' ಎಂದು ಬುಗುರಿ ಸದ್ದು. ಇದು ಕೇಳಿಸುತ್ತಾ ಇರುವವರೆಗೆ ಚಿಂತೆ ಬೇಡ, ಕೇಳಿಸದೆ ಹೋದ ದಿನ ನೇರ ಇಲ್ಲಿಗೆ ಬನ್ನಿ ಅಂದೆ. ಫ್ರೀವೀಲ್ ಪುಲ್ಲಿಯೂ ಒಂದು ದಿನ ಸವೆಯುವ ಮಾಲೇ. ಹಳೆಯದು ಜಾಮ್ ಆಗಿದ್ದರಿಂದಲ್ಲವೇ ಇಷ್ಟೆಲ್ಲಾ ಶುರುವಾದದ್ದು.

ಸಂಕ್ರಾಂತಿ ಕಳೆದು ಆಯಿಲ್ ಬದಲಿಸಲು ಬಂದಿದ್ದರು. ಅಷ್ಟರಲ್ಲಿ 14,000 ಕಿಲೋಮೀಟರ್ ಓಡಿತ್ತು, ಹೆಚ್ಚಿನದೆಲ್ಲ ಘಾಟಿಯದೇ. ನಾನು ಬಾನೆಟ್ ಎತ್ತಲು ಹೋದರೆ ತಡೆದರು. "ತಾಳಿ ಮೇಸ್ತ್ರಿ" ಎಂದು ಮೊದಲು ಇಂಜಿನ್ ಆಫ್ ಮಾಡಿ, ಕಿಟಕಿಯಿಂದ ತಲೆ ಹೊರಗೆ ಹಾಕಿ, ಕಿವಿ ಕೊಟ್ಟು ಕೂತರು.

"ಕೂಗ್ತದೆ. ಈಗ ಎತ್ತಿ."